ಮೇಲಕ್ಕೆ ತೆರೆಯುವ ಬಾಗಿಲು

(ಬಿ.ಎ. ಅಂತಿಮ ವರ್ಷ)

ನಮ್ಮ ತರುಣರಲ್ಲಿ ಈಚೆಗೆ ಒಂದು ಹೊಸ ಶೋಕಿ ಮೊಳೆತಿದೆ. ಮೋಟಾರು ಕಾರಿನ ಬಾಗಿಲು ಎಲ್ಲರ ಮನೆಯ ಬಾಗಿಲಿನಂತೆ ಪಕ್ಕಕ್ಕೆ ತೆರೆಯಬಾರದು; ಹಕ್ಕಿ ರೆಕ್ಕೆ ಎತ್ತಿದ ಹಾಗೆ ಅದು ಆಕಾಶದ ಕಡೆಗೆ ಏಳಬೇಕು ಎಂಬದೇ ಆ ಶೋಕಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ರಸ್ತೆಯಲ್ಲಿ ನಿಜವಾದ ಸ್ಪೋರ್ಟ್ಸ್ ಕಾರನ್ನು ಕಣ್ಣಾರೆ ಕಂಡವರು ವಿರಳ. ನಮ್ಮ ರಸ್ತೆಗಳು ಟ್ರ್ಯಾಕ್ಟರಿನವು, ಟಂಟಂನವು, ಜನ ತುಂಬಿದ ಕ್ರೂಸರಿನವು. ಆದರೂ ಅಂಗೈ ಅಗಲದ ಮೊಬೈಲಿನ ಪರದೆಯ ಮೇಲೆ ಅಂಥ ಕಾರನ್ನು ಕಾಣದ ಹುಡುಗನು ಇಂದು ಯಾವ ಹಳ್ಳಿಯಲ್ಲಿಯೂ ಇಲ್ಲ. ಸೊಲ್ಲಾಪುರದಿಂದಲೋ ಪುಣೆಯಿಂದಲೋ ಹಳೆಯ ಕಾರೊಂದನ್ನು ಕೊಂಡು ತಂದು, ಅದಕ್ಕೆ ಹೊಸ ಬಣ್ಣ ಹೊಡೆಸಿ, "ಇದರ ಬಾಗಿಲನ್ನು ಮೇಲಕ್ಕೆ ಏಳುವಂತೆ ಮಾಡಿಕೊಡಿ" ಎಂದು ಗ್ಯಾರೇಜಿನವರನ್ನು ಕೇಳುವವರು ನಮ್ಮ ಸೀಮೆಯಲ್ಲಿಯೂ ಹುಟ್ಟಿಕೊಂಡಿದ್ದಾರೆ. ಇದು ಮೆಚ್ಚತಕ್ಕದ್ದೋ, ಬಿಡತಕ್ಕದ್ದೋ? ಈ ವಿಷಯವಾಗಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿನಿಗೆ ಮೋಟಾರಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನನ್ನ ಅಣ್ಣನು ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟು ಸಿಂದಗಿಯ ಗ್ಯಾರೇಜೊಂದರಲ್ಲಿ ವೆಲ್ಡಿಂಗ್ ಕೆಲಸ ಹಿಡಿದನು. ನನ್ನ ಪುಸ್ತಕಗಳೆಲ್ಲ ಅವನ ದುಡಿಮೆಯವು. ಆದುದರಿಂದ ಕಾರಿನ ಬಾಗಿಲು ಮೇಲಕ್ಕೆ ಏಳಬೇಕೋ ಬೇಡವೋ ಎಂಬದು ನಮ್ಮ ಮನೆಯಲ್ಲಿ ಬರಿಯ ಚರ್ಚಾಸ್ಪರ್ಧೆಯ ವಿಷಯವಲ್ಲ. ಅದು ಅನ್ನದ ವಿಷಯ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವೆನು. ಮೇಲಕ್ಕೆ ತೆರೆಯುವ ಬಾಗಿಲು ನಮಗೇನೂ ಪರದೇಶದ ಸೋಜಿಗವಲ್ಲ. ನಮ್ಮ ಹಿರಿಯರು ಜೋಳವನ್ನು ಕೂಡಿಡುತ್ತಿದ್ದ ಹಗೇವನ್ನು ನೆನೆಯಿರಿ. ಕಣಜ ನೆಲದ ಒಳಗೆ. ಅದರ ಬಾಯಿ ನೆಲದ ಮೇಲೆ. ಬಾಯಿಗೆ ಮುಚ್ಚಿದ ಕಲ್ಲನ್ನು ಮೇಲಕ್ಕೆ ಎತ್ತದೆ ಬೇರೆ ಗತಿಯಿಲ್ಲ. ಇಂಡಿಯ ಪೇಟೆಯಲ್ಲಿಯ ಡಬ್ಬಾ ಅಂಗಡಿಗಳನ್ನು ನೋಡಿರಿ. ಮುಂದಿನ ಹಲಗೆಯನ್ನು ಮೇಲಕ್ಕೆ ಎತ್ತಿ ಒಂದು ಕೋಲಿನ ಆಸರೆ ಕೊಟ್ಟರೆ, ಅಂಗಡಿಯೂ ತೆರೆಯಿತು, ಗಿರಾಕಿಯ ತಲೆಗೆ ನೆರಳೂ ಆಯಿತು. ಪಕ್ಕಕ್ಕೆ ತೆರೆದರೆ ಬಾಗಿಲು ರಸ್ತೆಯನ್ನೇ ಅಡ್ಡಗಟ್ಟೀತು. ಇನ್ನು ಎಲ್ಲಕ್ಕಿಂತ ದೊಡ್ಡವು ಆಲಮಟ್ಟಿಯ ಬಾಗಿಲುಗಳು. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆ ಅಣೆಕಟ್ಟಿಗೆ 26 ಬಾಗಿಲುಗಳಿವೆ. ಅವೆಲ್ಲವೂ ಮೇಲಕ್ಕೇ ಏಳುತ್ತವೆ. ಕೃಷ್ಣೆಯ ನೀರು ಹಿಂದಿನಿಂದ ಒತ್ತುತ್ತಿರುವಾಗ ಮನೆಯ ಬಾಗಿಲಿನಂತೆ ಅದನ್ನು ದೂಡಲು ಎಳೆಯಲು ಬರುವದೆ? ಮೇಲಕ್ಕೆ ಎತ್ತಿದರೆ ಕೆಳಗಿನಿಂದ ಬೇಕಾದಷ್ಟೇ ನೀರನ್ನು ಅಳೆದು ಬಿಡಬಹುದು.

ಹಗೇವಿಗೆ, ಡಬ್ಬಾ ಅಂಗಡಿಗೆ, ಅಣೆಕಟ್ಟಿಗೆ ಸಮಾನವಾದ ಒಂದು ನಿಯಮವು ಇಲ್ಲಿ ಕಾಣುತ್ತದೆ. ಪಕ್ಕಕ್ಕೆ ತೆರೆಯಲು ಸ್ಥಳವಿಲ್ಲದಲ್ಲಿ, ಅಥವಾ ಪಕ್ಕಕ್ಕೆ ತೆರೆದರೆ ಕೆಲಸವೇ ನಡೆಯದಲ್ಲಿ, ಮನುಷ್ಯನು ಬಾಗಿಲನ್ನು ಮೇಲಕ್ಕೆ ಎತ್ತಿದ್ದಾನೆ. ಅವಶ್ಯಕತೆಯೇ ಅದರ ತಾಯಿ. ಅಂದವು ಆಮೇಲೆ ಹುಟ್ಟಿದ ಕೂಸು.

ಸ್ಪೋರ್ಟ್ಸ್ ಕಾರಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪನಿಯು 1954ರಲ್ಲಿ 300 ಎಸ್ಎಲ್ ಎಂಬ ಕಾರನ್ನು ಲೋಕಕ್ಕೆ ತೋರಿಸಿತು. ಅದರ ಬಾಗಿಲುಗಳು ಮಾಡಿಗೆ ಅಂಟಿಕೊಂಡಿದ್ದು, ಎತ್ತಿದಾಗ ಕಡಲಹಕ್ಕಿಯ ಎರಡು ರೆಕ್ಕೆಗಳಂತೆ ಕಾಣುತ್ತಿದ್ದವು. ಜನರು ಬೆರಗಾದರು. ಆದರೆ ಕಂಪನಿಯವರು ಜನರನ್ನು ಬೆರಗುಗೊಳಿಸಲೆಂದು ಹಾಗೆ ಮಾಡಿರಲಿಲ್ಲ. ಪಂದ್ಯದ ಕಾರಿನಿಂದ ಬಂದ ಅದರ ಚೌಕಟ್ಟು ತೆಳುವಾದ ಉಕ್ಕಿನ ಕೊಳವೆಗಳಿಂದ ಹೆಣೆದದ್ದು. ಹಗುರವೂ ಗಟ್ಟಿಯೂ ಆಗಬೇಕಾದರೆ ಆ ಕೊಳವೆಗಳು ಎರಡೂ ಪಕ್ಕಗಳಲ್ಲಿ ಎತ್ತರವಾಗಿ ಹಾಯಬೇಕಾಗಿತ್ತು. ಸಾಮಾನ್ಯ ಬಾಗಿಲನ್ನು ಇಡಬೇಕೆಂದರೆ ಚೌಕಟ್ಟಿನ ಬೆನ್ನೆಲುಬನ್ನೇ ಕಡಿಯಬೇಕು. ಆದುದರಿಂದ ಬಾಗಿಲು ಮಾಡಿಗೆ ಏರಿತು. ಇದಕ್ಕೆ ಸಾಕ್ಷಿ ಬೇಕೆ? 1957ರಲ್ಲಿ ಅದೇ ಕಂಪನಿಯವರು ಅದೇ ಕಾರನ್ನು ಮಾಡಿಲ್ಲದ ತೆರೆದ ಕಾರನ್ನಾಗಿ ಮಾಡಿದಾಗ, ಚೌಕಟ್ಟಿನ ಪಕ್ಕಗಳನ್ನು ತಗ್ಗಿಸಿ, ಸಾಮಾನ್ಯ ಬಾಗಿಲುಗಳನ್ನೇ ಕೂಡ್ರಿಸಿದರು. ಅವಶ್ಯಕತೆ ತೀರಿತು, ರೆಕ್ಕೆಯೂ ಇಳಿಯಿತು.

ಇಂದು ನಮ್ಮ ಹುಡುಗರು ಮೋಹಿಸಿರುವದು ಮಾತ್ರ ಇನ್ನೊಂದು ಬಗೆಯ ಬಾಗಿಲು. ಅದು ಮಾಡಿನಿಂದ ತೂಗುವದಿಲ್ಲ; ಮುಂಭಾಗದ ಒಂದು ಕೀಲಿನ ಸುತ್ತ ತಿರುಗಿ, ಕತ್ತರಿಯ ಅಲಗಿನಂತೆ ನೆಟ್ಟಗೆ ನಿಲ್ಲುತ್ತದೆ. ಇಟಲಿಯ ಬೆರ್ತೋನೆ ಕಾರ್ಖಾನೆಯಲ್ಲಿದ್ದ ಮಾರ್ಚೆಲ್ಲೋ ಗಾಂದೀನಿ ಎಂಬ ಶಿಲ್ಪಿಯು 1968ರಲ್ಲಿ ಆಲ್ಫಾ ರೋಮಿಯೋ ಕರಾಬೋ ಎಂಬ ಪ್ರದರ್ಶನದ ಕಾರಿಗೆ ಇದನ್ನು ಮೊದಲು ಇಟ್ಟನು. ಆತನೇ ರೂಪಿಸಿದ ಲ್ಯಾಂಬೋರ್ಗಿನಿ ಕೌಂಟಾಷ್ ಕಾರು 1971ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1974ರಿಂದ ಮಾರಾಟಕ್ಕೆ ಬಂದಿತು. ನೆಲದಿಂದ ಮಾಡಿನವರೆಗೆ ಅದರ ಎತ್ತರ ಸುಮಾರು ಮೂರೂವರೆ ಅಡಿ ಮಾತ್ರ, ಅಗಲವೋ ಬಹಳ. ಉದ್ದನೆಯ ಬಾಗಿಲನ್ನು ಪಕ್ಕಕ್ಕೆ ತೆರೆಯಬೇಕಾದರೆ ಆಚೆ ಈಚೆ ಇನ್ನಷ್ಟು ಜಾಗ ಬೇಕು. ಅಲ್ಲದೆ ಆ ಕಾರಿನಲ್ಲಿ ಕುಳಿತವನಿಗೆ ಹಿಂದಿನದು ಸರಿಯಾಗಿ ಕಾಣಿಸದು. ಚಾಲಕನು ಬಾಗಿಲನ್ನು ಮೇಲಕ್ಕೆ ಎತ್ತಿ, ಹೊಸ್ತಿಲ ಮೇಲೆ ಕುಳಿತು, ಹಿಂದಕ್ಕೆ ಹೊರಳಿ ನೋಡುತ್ತ ಕಾರನ್ನು ಹಿಮ್ಮುಖವಾಗಿ ನಡೆಸಬೇಕಾಗುತ್ತಿತ್ತು. ಗಾಂದೀನಿಯು 2024ರಲ್ಲಿ ತೀರಿಕೊಂಡನು. ಅವನ ಬಾಗಿಲು ಮಾತ್ರ ಲೋಕದ ಹುಡುಗರ ಕನಸಿನಲ್ಲಿ ಇನ್ನೂ ಏಳುತ್ತಲೇ ಇದೆ.

ಇಲ್ಲಿ ಒಂದು ಸಂಗತಿಯನ್ನು ನಮ್ಮ ತರುಣರು ಗಮನಿಸಬೇಕು. ಆ ಕಂಪನಿಯವರೇ ತಮ್ಮ ಎಲ್ಲ ಕಾರುಗಳಿಗೂ ಈ ಬಾಗಿಲನ್ನು ಇಡುವದಿಲ್ಲ. ಕೌಂಟಾಷ್, ಡಿಯಾಬ್ಲೋ, ಮುರ್ಸಿಯೇಲಗೋ, ಅವೆಂಟಡೋರ್ ಮುಂತಾದ ಹನ್ನೆರಡು ಸಿಲಿಂಡರಿನ ದೊಡ್ಡ ಕಾರುಗಳಿಗೆ ಮಾತ್ರ ಈ ಮರ್ಯಾದೆ. ಅದೇ ಮನೆಯ ಗಲ್ಲಾರ್ಡೋ, ಹುರಾಕಾನ್, ಉರುಸ್ ಕಾರುಗಳ ಬಾಗಿಲು ನಮ್ಮೂರ ಜೀಪಿನ ಬಾಗಿಲಿನಂತೆಯೇ ಪಕ್ಕಕ್ಕೆ ತೆರೆಯುತ್ತದೆ. ಮಾಡಿದವನೇ ಬೇಡವೆಂದು ಬಿಟ್ಟ ಕಡೆಯಲ್ಲಿ ನಾವು ಬೇಕೆಂದು ಹಟ ಹಿಡಿಯುವದು ಸೋಜಿಗವಲ್ಲವೆ?

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ರುಚಿಸಿತು. ಈ ಕಾರಿಗೆ ಹೆಸರು ಕೊಟ್ಟ ಫೆರುಚ್ಚೋ ಲ್ಯಾಂಬೋರ್ಗಿನಿಯು ರಾಜಕುಮಾರನೇನೂ ಅಲ್ಲ. 1916ರಲ್ಲಿ ಇಟಲಿಯ ದ್ರಾಕ್ಷಿ ಬೆಳೆಯುವ ಒಕ್ಕಲಿಗರ ಮನೆಯಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸೈನ್ಯದವರು ಬಿಟ್ಟುಹೋದ ವಾಹನಗಳ ಯಂತ್ರಗಳನ್ನು ಬಿಚ್ಚಿ ತಂದು, ಜೋಡಿಸಿ, ರೈತರಿಗೆ ಅಗ್ಗದ ಟ್ರ್ಯಾಕ್ಟರುಗಳನ್ನು ಮಾಡಿಕೊಟ್ಟನು. 1948ರಲ್ಲಿ ಆತ ಸ್ಥಾಪಿಸಿದ್ದು ಟ್ರ್ಯಾಕ್ಟರಿನ ಕಾರ್ಖಾನೆ. ಸ್ಪೋರ್ಟ್ಸ್ ಕಾರಿನ ಕಾರ್ಖಾನೆ ಹುಟ್ಟಿದ್ದು 1963ರಲ್ಲಿ. ಅವನ ಕಾರಿನ ಗುರುತು ಗೂಳಿ. ಬಸವನ ಹೆಸರಿನ ಊರುಳ್ಳ ನಮಗೆ ಗೂಳಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಯುದ್ಧದ ಗುಜರಿಯಿಂದ ನೇಗಿಲೆಳೆಯುವ ಯಂತ್ರವನ್ನು ಮಾಡಿದವನೂ ಒಂದರ್ಥದಲ್ಲಿ ವಾಹನವನ್ನು ಮಾರ್ಪಡಿಸಿದವನೇ. ಆದರೆ ಅವನು ನೋಡಿದ್ದು ಹೊಲವನ್ನು. ನಾವು ನೋಡುತ್ತಿರುವದು ಅವನ ಕಾರಿನ ಬಾಗಿಲನ್ನು! ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ತರೆದುಕೊಂಡಿತು ಎಂಬ ಗಾದೆ ನಮ್ಮ ಹಿರಿಯರಿಗೆ ಸುಮ್ಮನೆ ಹೊಳೆದದ್ದಲ್ಲ.

ಇನ್ನು ಈ ಬಾಗಿಲನ್ನು ಸಾಮಾನ್ಯ ಕಾರಿಗೆ ಕೂಡ್ರಿಸುವ ಬಗೆಯನ್ನು ನೋಡೋಣ. ಅಣ್ಣನು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲು ಮುಂದಿನ ಚಕ್ರದ ಮೇಲಿನ ತಗಡನ್ನು ಬಿಚ್ಚಬೇಕು. ಬಾಗಿಲನ್ನು ಹಿಡಿದಿರುವ ಮೂಲದ ಬಿಜಾಗರಿಗಳನ್ನು ತೆಗೆಯಬೇಕು. ಅವುಗಳ ಜಾಗದಲ್ಲಿ ದಪ್ಪನೆಯ ಉಕ್ಕಿನ ಪಟ್ಟಿಯುಳ್ಳ ಹೊಸ ಕೀಲನ್ನು ಮುಂದಿನ ಕಂಬಕ್ಕೆ ಬೋಲ್ಟು ಹಾಕಿ, ಕೆಲವೆಡೆ ವೆಲ್ಡಿಂಗ್ ಮಾಡಿ, ಬಿಗಿಯಬೇಕು. ಈ ಕೀಲಿಗೆ ಎರಡು ಚಲನೆ: ಬಾಗಿಲು ಮೊದಲು ಸ್ವಲ್ಪ ಹೊರಕ್ಕೆ ಸರಿಯಬೇಕು, ಆಮೇಲೆ ಮೇಲಕ್ಕೆ ತಿರುಗಬೇಕು, ಇಲ್ಲವಾದರೆ ಅದು ಮುಂದಿನ ತಗಡಿಗೆ ಉಜ್ಜುತ್ತದೆ. ಕೆಲವು ಕಾರುಗಳಲ್ಲಿ ಆ ತಗಡಿನ ಒಳ ಅಂಚನ್ನೇ ಕತ್ತರಿಸಬೇಕಾಗುತ್ತದೆ. ಗಾಜು ಏರಿಸುವ, ಕನ್ನಡಿ ತಿರುಗಿಸುವ ವಿದ್ಯುತ್ತಿನ ತಂತಿಗಳನ್ನು ಉದ್ದ ಮಾಡಬೇಕು. ಕೊನೆಗೆ ಬಾಗಿಲಿನ ಭಾರವನ್ನು ಹೊರುವದಕ್ಕಾಗಿ ಒತ್ತಿ ತುಂಬಿದ ಅನಿಲದ ಕೊಳವೆಯೊಂದನ್ನು ಜೋಡಿಸಬೇಕು. ಹಿಂಬದಿಯ ಬಾಗಿಲು ಮೇಲಕ್ಕೆ ಏಳುವ ಸಣ್ಣ ಕಾರುಗಳಲ್ಲಿ ಆ ಬಾಗಿಲನ್ನು ಹಿಡಿದು ನಿಲ್ಲಿಸುವ ಕೊಳವೆಯೂ ಇದೇ ಜಾತಿಯದು. ಎಲ್ಲ ಮುಗಿದ ಮೇಲೆ ಬಾಗಿಲಿನ ಸುತ್ತಲಿನ ಸಂದು ಒಂದೇ ಸಮನೆ ಬರುವವರೆಗೆ ಗಂಟೆಗಟ್ಟಲೆ ಬಿಚ್ಚುವದು, ಬಿಗಿಯುವದು.

ಇದನ್ನು ಓದಿದವರಿಗೆ ಇದು ಹುಡುಗಾಟದ ಕೆಲಸವಲ್ಲವೆಂಬದು ಹೊಳೆಯದೆ ಇರದು. ಇದರಲ್ಲಿ ಕೌಶಲವಿದೆ, ತಾಳ್ಮೆಯಿದೆ. ಅಣ್ಣನ ಮಾತು ನನಗೆ ಕಂಠಪಾಠವಾಗಿದೆ: "ಬಾಗಲಾ ಮ್ಯಾಲೆ ಏಳಸೂದು ದೊಡ್ಡ ಕೆಲಸಲ್ಲ ತಂಗಿ. ಎದ್ದದ್ದು ಬೀಳಲಾರದ್ಹಂಗ ಇಡೂದು ದೊಡ್ಡ ಕೆಲಸ."

ಈ ಮಾತಿನ ಸತ್ಯವನ್ನು ಕನ್ನಡ ನಾಡೆಲ್ಲ 2024ರ ಆಗಸ್ಟ್ 10ರ ರಾತ್ರಿ ಕಂಡಿತು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದರ ಸರಪಳಿ ಕಡಿದು, ಬಾಗಿಲೇ ನೀರಿನಲ್ಲಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಯಿತು. ಹರಿಯುವ ನೀರಿನಲ್ಲಿಯೇ ತಾತ್ಪೂರ್ತಿಕ ತಡೆಯನ್ನು ಇಳಿಸಿ ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ಪಕ್ಕಕ್ಕೆ ತೆರೆಯುವ ಬಾಗಿಲು ಕೀಲು ಸಡಿಲಾದರೆ ಜೋತು ಬೀಳುತ್ತದೆ, ಕಿರುಗುಡುತ್ತದೆ, ನಮಗೆ ಮುನ್ಸೂಚನೆ ಕೊಡುತ್ತದೆ. ಮೇಲಕ್ಕೆ ಎತ್ತಿದ ಬಾಗಿಲು ಹಾಗಲ್ಲ. ಅದರ ಇಡಿಯ ಭಾರ ಒಂದು ಸರಪಳಿಯ ಮೇಲೋ ಒಂದು ಕೊಳವೆಯ ಮೇಲೋ ನಿಂತಿರುತ್ತದೆ. ಕಾರಿನ ಅನಿಲದ ಕೊಳವೆಯೂ ವರ್ಷ ಕಳೆದಂತೆ ಸೋರಿ ಸೊರಗುತ್ತದೆ. ಅಂದು ಕೆಳಗೆ ಯಾರ ತಲೆಯಿದೆ, ಯಾವ ಕೂಸಿನ ಕೈಯಿದೆ ಎಂಬದನ್ನು ಬಾಗಿಲು ವಿಚಾರಿಸುವದಿಲ್ಲ.

ಎರಡನೆಯ ಭಯ ಇದಕ್ಕಿಂತ ಘೋರವಾದದ್ದು. ಕಾರು ಮಗುಚಿ ಬಿದ್ದರೆ ಮೇಲಕ್ಕೆ ತೆರೆಯುವ ಬಾಗಿಲು ಎಲ್ಲಿಗೆ ತೆರೆದೀತು? ನೆಲವೇ ಅದಕ್ಕೆ ಅಗಳಿಯಾಗುತ್ತದೆ. ಮರ್ಸಿಡಿಸ್ ಕಂಪನಿಯು ಎಸ್ಎಲ್ಎಸ್ ಎಎಂಜಿ ಎಂಬ ಕಾರಿಗೆ ಮತ್ತೆ ರೆಕ್ಕೆಯ ಬಾಗಿಲನ್ನು ಇಟ್ಟಾಗ, ಕಾರು ಮಗುಚಿದರೆ ಸಣ್ಣ ಸಿಡಿಮದ್ದಿನಿಂದ ಬಾಗಿಲಿನ ಬೋಲ್ಟುಗಳು ತಾವೇ ಸಿಡಿದು ಬಾಗಿಲು ಕಳಚುವಂತೆ ಏರ್ಪಾಟು ಮಾಡಿತು. ಹಳೆಯ ಕಾರಿಗೆ ಕೀಲು ಬೆಸೆಯುವ ನಮ್ಮ ಗ್ಯಾರೇಜುಗಳಲ್ಲಿ ಅಂಥ ಏರ್ಪಾಟು ಎಲ್ಲಿಯದು? ಸಾಲದ್ದಕ್ಕೆ ಕಾರಿನ ಕಂಬದಲ್ಲಿರುವ ಹದಗೊಳಿಸಿದ ಉಕ್ಕು ವೆಲ್ಡಿಂಗಿನ ಕಾವಿಗೆ ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರು ಹಿಂದಿನ ದೀಪವಿಲ್ಲದೆ ರಾತ್ರಿ ನಿಂತಿರುವ ನಮ್ಮ ರಸ್ತೆಗಳಲ್ಲಿ, ಪ್ರಾಣ ಉಳಿಸಬೇಕಾದ ಕಂಬವನ್ನೇ ಮೆತ್ತಗೆ ಮಾಡಿಕೊಂಡು ಹೊರಡುವದು ಎಂಥ ಜಾಣತನ?

ಕಾಯಿದೆಯೂ ಈ ಶೋಕಿಗೆ ಒಪ್ಪಿಗೆ ಕೊಡುವದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೆ ಎರಡೂ. ಅಪಘಾತವಾದಾಗ ವಿಮೆಯವರು ಇದೇ ಕಾರಣವನ್ನು ಮುಂದೆ ಮಾಡಿ ತಕರಾರು ತೆಗೆದರೆ, ಮನೆಯವರು ಯಾರ ಮನೆಯ ಬಾಗಿಲು ತಟ್ಟಬೇಕು?

ಇಷ್ಟಾದರೂ ತರುಣರ ಪಕ್ಷವನ್ನು ಕೇಳದೆ ತೀರ್ಪು ಕೊಡುವದು ನ್ಯಾಯವಲ್ಲ. "ನಮ್ಮ ದುಡ್ಡು, ನಮ್ಮ ಕಾರು, ನಿಮಗೇನು?" ಎಂದು ಅವರು ಕೇಳುತ್ತಾರೆ. ರಸ್ತೆ ಮಾತ್ರ ಎಲ್ಲರದು ಎಂಬದೇ ಇದಕ್ಕೆ ಉತ್ತರ. ಆದರೆ ಅವರ ಎರಡನೆಯ ಮಾತಿನಲ್ಲಿ ತಥ್ಯವಿದೆ. "ನಮ್ಮ ಹಳ್ಳಿಯಲ್ಲಿ ಹುಟ್ಟಿದವನು ಚಂದದ ವಸ್ತುವನ್ನು ಬಯಸಬಾರದೆ? ಚಂದವೆಲ್ಲ ಬೆಂಗಳೂರಿನವರಿಗೇ ಮೀಸಲೆ?" ಎಂಬ ಪ್ರಶ್ನೆಯ ಹಿಂದೆ ಒಂದು ನೋವಿದೆ, ಅದನ್ನು ನಗೆಯಾಡಿ ತಳ್ಳುವವರ ಗುಂಪಿಗೆ ನಾನು ಸೇರಲಾರೆ. ಜಾತ್ರೆಗೆ ಹೊರಟ ಎತ್ತಿನ ಕೊಂಬಿಗೆ ಬಣ್ಣ ಬಳಿದು ಗೊಂಡೆ ಕಟ್ಟುವ ಜನ ನಾವು. ಆ ಗೊಂಡೆಯಿಂದ ಎತ್ತು ಹೆಚ್ಚು ಭಾರ ಎಳೆಯುವದಿಲ್ಲ. ಆದರೂ ಅದು ಬೇಕು. ಶೃಂಗಾರವನ್ನು ನಾನು ಹಳಿಯುವದಿಲ್ಲ. ಆದರೆ ಗೊಂಡೆ ಕಟ್ಟುವದಕ್ಕಾಗಿ ಯಾವ ಒಕ್ಕಲಿಗನೂ ಎತ್ತಿನ ಹೆಗಲ ಎಲುಬನ್ನು ಕೊಯ್ಯುವದಿಲ್ಲ. ಬಣ್ಣಕ್ಕೂ ಬಾಗಿಲಿಗೂ ಇರುವ ಅಂತರ ಇಷ್ಟೇ.

"ಈಗಿನ ಹುಡುಗರು ಕೆಟ್ಟುಹೋದರು" ಎನ್ನುವ ಹಿರಿಯರ ಮಾತನ್ನೂ ನಾನು ಒಪ್ಪುವದಿಲ್ಲ. ಕಟ್ಟಿಗೆಯ ಗಾಲಿ ತೆಗೆದು ಎತ್ತಿನ ಬಂಡಿಗೆ ರಬ್ಬರಿನ ಟಾಯರು ಹಾಕಿದಾಗಲೂ ಹಿರಿಯರು ನಕ್ಕಿರಬೇಕು. ಎತ್ತಿನ ಹೆಗಲು ಹಗುರಾದಾಗ ನಗೆ ನಿಂತಿರಬೇಕು. ಮಾರ್ಪಾಟೆಲ್ಲವೂ ಕೇಡಲ್ಲ, ಅದು ಯಾರ ಭಾರವನ್ನು ಇಳಿಸಿತು ಎಂಬದೇ ಅದರ ಒರೆಗಲ್ಲು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಕಳೆದ ವರ್ಷ ಒಬ್ಬ ಗಿರಾಕಿಯು ಅಣ್ಣನಿಗೆ ಇಂಥ ಬಾಗಿಲಿನ ಕೆಲಸವನ್ನು ಹೇಳಿದನು. ಕೊಡುತ್ತೇನೆಂದ ಕೂಲಿ ಅಣ್ಣನ ಎರಡು ತಿಂಗಳ ಗಳಿಕೆಗೆ ಸಮ. ನನ್ನ ಪರೀಕ್ಷೆಯ ಫೀ ಕಟ್ಟುವ ಕಾಲವೂ ಅದೇ ಆಗಿತ್ತು. ಅವ್ವನು, "ಕೊಡಾಂವ ಕೊಡ್ತಾನ, ಬಡಿಯಾಂವ ಬಡಿ" ಎಂದಳು. ಅಣ್ಣನು ಎರಡು ದಿನ ವಿಚಾರ ಮಾಡಿ ಆ ಕೆಲಸವನ್ನು ಒಲ್ಲೆನೆಂದನು. ಗಿರಾಕಿಯು ಕಾರನ್ನು ಬೇರೆ ಊರಿಗೆ ಒಯ್ದನು. ಆ ದುಡ್ಡು ನಮಗೆ ಬರಲಿಲ್ಲ. ಫೀ ಕಟ್ಟಲು ಕೈಗಡ ತೆಗೆಯಬೇಕಾಯಿತು. ಧರ್ಮವನ್ನು ಪಾಲಿಸಿದವರಿಗೆ ಕೂಡಲೇ ಫಲ ಸಿಗುವದು ನಾಟಕಗಳಲ್ಲಿ ಮಾತ್ರ ಎಂಬದನ್ನು ನಾನು ಬಲ್ಲೆ. ಆದುದರಿಂದ "ಮಾಡಬೇಡಿರಿ" ಎಂದು ಗ್ಯಾರೇಜಿನ ಹುಡುಗರಿಗೆ ಉಪದೇಶಿಸಿ ಕೈತೊಳೆದುಕೊಂಡರೆ ಸಾಲದು. ಅವರ ಕೈಗೆ ಬೇರೆ ಕೆಲಸ ಬೇಕು. ಅದಕ್ಕೆ ತಕ್ಕ ಮರ್ಯಾದೆ ಬೇಕು.

ಅಂಥ ಕೆಲಸ ಇಲ್ಲವೆ? ಇದೆ. ಕಾಲಿಲ್ಲದವರು ಓಡಿಸುವ, ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರನ್ನು ನಾವೆಲ್ಲರೂ ನೋಡಿದ್ದೇವೆ. ಅದೂ ಮಾರ್ಪಾಟೇ. ಅಂಗವಿಕಲರ ಉಪಯೋಗಕ್ಕಾಗಿ ವಾಹನವನ್ನು ಮಾರ್ಪಡಿಸಲು ಸಾರಿಗೆ ಅಧಿಕಾರಿಗಳ ಒಪ್ಪಿಗೆ ಪಡೆಯುವ ದಾರಿಯನ್ನು ಅದೇ ಕಾಯಿದೆಯೇ ತೆರೆದಿಟ್ಟಿದೆ. ಕಾಲಿನಿಂದ ಒತ್ತುವ ಬ್ರೇಕನ್ನು ಕೈಗೆ ತರುವದು, ಗಾಲಿಕುರ್ಚಿ ಏರುವ ಇಳಿಜಾರನ್ನು ಕೂಡ್ರಿಸುವದು, ಮುದುಕರು ಕ್ರೂಸರು ಹತ್ತುವಾಗ ಹಿಡಿಯಲು ಗಟ್ಟಿಯಾದ ಹಿಡಿಕೆ, ಕಾಲಿಡಲು ತಗ್ಗಿನ ಮೆಟ್ಟಿಲು: ಒಪ್ಪಿಗೆ ಪಡೆದು ಮಾಡಬಹುದಾದ ಇಂಥ ಕೆಲಸಗಳಿಗೂ ಕೀಲು, ಬೋಲ್ಟು, ತಾಳ್ಮೆಗಳೇ ಬೇಕು. ನಾಳೆ ಗಾಲಿಕುರ್ಚಿಯವನೊಬ್ಬನು, "ಇಕ್ಕಟ್ಟಿನ ಜಾಗದಲ್ಲಿ ಕಾರಿನ ಬಾಗಿಲು ಮೇಲಕ್ಕೆ ಎದ್ದರೆ ಮಾತ್ರ ನಾನು ಒಳಗೆ ಸೇರಬಲ್ಲೆ" ಎಂದು ಬಂದರೆ, ಒಪ್ಪಿಗೆ ಪಡೆದು ಮಾಡಿರಿ ಎಂದು ಮೊದಲು ಹೇಳುವವಳು ನಾನೇ.

ಕೊರತೆ ಇರುವದು ಬೇರೆಡೆಯಲ್ಲಿ. ಒಪ್ಪಿಗೆಯ ದಾರಿ ಕಾಯಿದೆಯ ಪುಸ್ತಕದಲ್ಲಿದೆ. ಮುದ್ದೇಬಿಹಾಳದ ಹಳ್ಳಿಯ ಅಂಗವಿಕಲನಿಗೂ ಸಿಂದಗಿಯ ವೆಲ್ಡರನಿಗೂ ಅದು ತಿಳಿದಿಲ್ಲ. ಅರ್ಜಿ ಹೇಗೆ ಬರೆಯಬೇಕು, ಯಾವ ಕಾಗದ ಹಚ್ಚಬೇಕು ಎಂಬದನ್ನು ಹೇಳಿಕೊಡುವವರು ಯಾರು? ಇಲ್ಲಿ ನನ್ನದೊಂದು ಸಲಹೆ. ಪ್ರತಿ ವರ್ಷ ನಮ್ಮ ಕಾಲೇಜಿನ ಸೇವಾ ಶಿಬಿರದಲ್ಲಿ ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಒಂದು ವರ್ಷ ತಾಲ್ಲೂಕಿನ ಗ್ಯಾರೇಜಿನವರನ್ನೂ ಅಂಗವಿಕಲರನ್ನೂ ಸಾರಿಗೆ ಇಲಾಖೆಯ ಅಧಿಕಾರಿಗಳನ್ನೂ ಒಂದೇ ಚಪ್ಪರದಲ್ಲಿ ಕೂಡಿಸೋಣ. ಅರ್ಜಿಗಳನ್ನು ನಾವು ಬರೆದುಕೊಡೋಣ. ಐ.ಟಿ.ಐ. ವಿದ್ಯಾರ್ಥಿಗಳು ನಕ್ಷೆ ತೆಗೆಯಲಿ. ಮೇಲಕ್ಕೆ ಏಳುವ ಬಾಗಿಲನ್ನು ಮಾಡಲೇಬೇಕೆನ್ನುವ ಹುಡುಗನಿಗೂ ಅಲ್ಲಿ ಜಾಗವಿರಲಿ. ರಸ್ತೆಗೆ ಇಳಿಯದ ಗುಜರಿ ಕಾರಿನ ಮೇಲೆ ಮಾಡಿ ತೋರಿಸಲಿ. ನಾಲ್ಕು ಜನ ಚಪ್ಪಾಳೆ ತಟ್ಟಲಿ. ಅವನಿಗೆ ಬೇಕಾಗಿರುವದು ಬಹುಶಃ ಬಾಗಿಲಿಗಿಂತ ಆ ಚಪ್ಪಾಳೆಯೇ.

ಬಿ.ಎ. ಓದಿದ ನಮಗೆ ಕೀಲು ಬೆಸೆಯಲು ಬಾರದು. ಆದರೆ ಕಾಯಿದೆಯ ಪುಸ್ತಕವನ್ನು ಓದಲು ಬರುತ್ತದೆ, ಅರ್ಜಿ ಬರೆಯಲು ಬರುತ್ತದೆ. ಓದು ಬರದವರ ದುಡಿಮೆಯಿಂದ ಓದಿದವರು ನಮ್ಮಲ್ಲಿ ಅನೇಕರಿದ್ದೇವೆ. ಈ ಪತ್ರಿಕೆಯು ಕೈಸೇರುವ ಹೊತ್ತಿಗೆ ಅಂತಿಮ ವರ್ಷದವರಾದ ನಾವು ಇಲ್ಲಿಂದ ಹೊರಟುಹೋಗಿರುತ್ತೇವೆ. ಶಿಬಿರದ ಚಪ್ಪರವನ್ನು ಹಾಕುವ ಭಾರವನ್ನು ಎರಡನೆಯ ವರ್ಷದ ಸೋದರ ಸೋದರಿಯರಿಗೆ ಒಪ್ಪಿಸಿದ್ದೇನೆ. ಕಬ್ಬಿಣದ ಕೆಲಸಕ್ಕೆ ಯಾರನ್ನು ಕರೆಯಬೇಕೆಂದು ಕೇಳಿದರೆ, ಸಿಂದಗಿಯ ಒಬ್ಬ ವೆಲ್ಡರನ ವಿಳಾಸ ನನಗೆ ಗೊತ್ತಿದೆ.